ಎರಡು ಹೊಸದುರ್ಗ

1958ನೆಯ ಇಸವಿಯ ಜೂನ್ ತಿಂಗಳ ಒಂದು ಸಾಯಂಕಾಲ, ಚಿತ್ರದುರ್ಗದ ದೊಡ್ಡಪೇಟೆಯ ಮನೆಯೊಂದರ ಜಗುಲಿಯ ಮೇಲೆ ನನ್ನನ್ನು ಕುಳ್ಳಿರಿಸಿ, ಕುಡಿಯಲು ಒಂದು ಚೊಂಬು ನೀರನ್ನೂ ಒಂದು ತುಂಡು ಬೆಲ್ಲವನ್ನೂ ಮುಂದಿಟ್ಟು, ಆ ಮನೆಯ ಯಜಮಾನರು ಕೇಳಿದ ಮೊದಲನೆಯ ಪ್ರಶ್ನೆ “ತಮ್ಮದು ಯಾವೂರು?” ಎಂಬುದಾಗಿತ್ತು. “ಹೊಸದುರ್ಗ” ಎಂದೆನು. ಅವರ ಮುಖ ಅರಳಿತು. “ಹೊಸದುರ್ಗದಲ್ಲಿ ಯಾರ ಪೈಕಿ? ನಮ್ಮ ಬೀಗರು ಅಲ್ಲೇ ಇರೋದು!” ಎಂದು ಅವರು ಮೊಣಕಾಲನ್ನು ಮಡಿಸಿ ನನ್ನ ಸಮೀಪಕ್ಕೆ ಸರಿದು ಕುಳಿತರು. ನಾನು ಹೇಳುತ್ತಿರುವುದು ಆ ಹೊಸದುರ್ಗವನ್ನಲ್ಲವೆಂದೂ, ಕಾಸರಗೋಡಿನಿಂದ ದಕ್ಷಿಣಕ್ಕೆ, ಸಮುದ್ರದ ದಂಡೆಗೆ ಸಮೀಪದಲ್ಲಿ ಇನ್ನೊಂದು ಹೊಸದುರ್ಗವುಂಟೆಂದೂ, ಇಕ್ಕೇರಿಯ ಸೋಮಶೇಖರ ನಾಯಕನು ಅಲ್ಲಿ ಕಟ್ಟಿಸಿದ ಕೋಟೆಯ ಕಾವಲಿಗೆಂದು ಬಂದು ನೆಲೆನಿಂತ ಕನ್ನಡ ಕುಟುಂಬಗಳಲ್ಲಿ ನಮ್ಮದೂ ಒಂದೆಂದೂ ನಾನು ವಿವರಿಸಿದಷ್ಟೂ, ಅರಳಿದ ಆ ಮುಖವು ಸಂಜೆಯ ತಾವರೆಯಂತೆ ಸ್ವಲ್ಪ ಸ್ವಲ್ಪವಾಗಿ ಮುಚ್ಚಿಕೊಳ್ಳತೊಡಗಿತು. “ಅಂದರೆ ಕೇರಳಕ್ಕೆ ಹೋಯಿತಲ್ಲ, ಆ ಕಡೆಯೋ? ಹಾಗಾದರೆ ತಾವು ಮಲೆಯಾಳಿಗಳೋ?” ಎಂದರು. ಅಲ್ಲವೆಂದೆನು. “ಮತ್ತೆ ಯಾವ ಜನ?” ಎಂದರು. ಅದಕ್ಕೂ ಉತ್ತರವನ್ನು ಹೇಳಿದೆನು. ನಾನು ಬಾಡಿಗೆಗೆ ಕೇಳಲು ಬಂದಿದ್ದ ಮನೆಯನ್ನು ಬೇರೊಬ್ಬರಿಗೆ ಕೊಡುವುದಾಗಿ ಮಾತು ಕೊಟ್ಟಾಗಿದೆಯೆಂಬ ಸಂಗತಿ ಅವರಿಗೆ ಆಗ ನೆನಪಾಯಿತು.

ಅವರನ್ನು ನಾನು ದೂಷಿಸಲಾರೆ. ಹಸಿದು ಬಂದವನಿಗೆ ಬೆಲ್ಲವನ್ನೂ ನೀರನ್ನೂ ಕೊಟ್ಟ ಕೈ ಅದು. ಆದರೆ ಆ ಜಗುಲಿಯಿಂದ ಇಳಿದು ಬೀದಿಗೆ ಬಂದಾಗ ನನ್ನ ಎದೆಯಲ್ಲಿ ಕವಿದ ಶೂನ್ಯವು ಅರುವತ್ತು ವರ್ಷಗಳ ಅನಂತರವೂ ಸ್ಪಷ್ಟವಾಗಿ ನೆನಪಿದೆ. 1956ನೆಯ ನವೆಂಬರ್ 1ರಂದು, ಹರಿದು ಹಂಚಿಹೋಗಿದ್ದ ಕನ್ನಡ ನಾಡುಗಳೆಲ್ಲವೂ ಒಂದಾದುವೆಂದು ಊರೂರುಗಳಲ್ಲಿ ದೀಪ ಹಚ್ಚಿದ ದಿನವೇ ದಕ್ಷಿಣ ಕನ್ನಡ ಜಿಲ್ಲೆಯಿಂದ ನಮ್ಮ ಕಾಸರಗೋಡು ತಾಲ್ಲೂಕು ಬೇರ್ಪಟ್ಟು ಕೇರಳಕ್ಕೆ ಸೇರಿತು. ಆ ಏಕೀಕೃತ ರಾಜ್ಯದ ಪ್ರಥಮ ಮುಖ್ಯಮಂತ್ರಿಗಳಾದ ಶ್ರೀ ಎಸ್. ನಿಜಲಿಂಗಪ್ಪನವರು ವಕೀಲರಾಗಿ ಬಾಳಿದ ಊರು ಇದೇ ಚಿತ್ರದುರ್ಗ. ಅವರೂ ಬಳ್ಳಾರಿ ಸೀಮೆಯ ಹಲುವಾಗಲಿನಲ್ಲಿ ಹುಟ್ಟಿ ಇಲ್ಲಿಗೆ ಬಂದವರು. ಇಂಥ ಊರಿಗೆ ಸರಕಾರಿ ಪ್ರೌಢಶಾಲೆಯ ಅಧ್ಯಾಪಕನಾಗಿ ಹೋಗುತ್ತಿದ್ದೇನೆಂಬ ಹೆಮ್ಮೆಯಿಂದ, ಆಗುಂಬೆಯ ಘಟ್ಟವನ್ನೇರಿ, ಶಿವಮೊಗ್ಗ, ಚನ್ನಗಿರಿ, ಹೊಳಲ್ಕೆರೆಗಳನ್ನು ದಾಟಿ ಬಸ್ಸಿನಿಂದ ಇಳಿದಿದ್ದ ನನಗೆ, ಮಾತೃಭಾಷೆಯನ್ನಾಡುವ ನಾಡಿನಲ್ಲಿಯೇ ಪರದೇಶಿಯಾಗಲು ಸಾಧ್ಯವೆಂಬುದು ಆವರೆಗೆ ಹೊಳೆದಿರಲಿಲ್ಲ. ನನ್ನ ಕನ್ನಡವೂ ನನಗೆ ಸಾಕ್ಷಿ ನುಡಿಯಲಿಲ್ಲ. “ಉಂಟು”, “ಎಂತ”, “ಹೋಗುವಾ” ಎಂಬ ನನ್ನ ಮಾತುಗಳನ್ನು ಕೇಳಿದ ಮಕ್ಕಳು ತರಗತಿಯಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಮನೆಯ ಒಡೆಯರು ನಗುತ್ತಿರಲಿಲ್ಲ, ಸಂದೇಹಪಡುತ್ತಿದ್ದರು.

ಬಾಡಿಗೆ ಮನೆಯನ್ನು ಹುಡುಕುವುದಕ್ಕೆ ಆ ಕಾಲದಲ್ಲಿ ಪತ್ರಿಕೆಯ ಜಾಹೀರಾತಾಗಲಿ ದಲಾಲರಾಗಲಿ ಆ ಊರುಗಳಲ್ಲಿ ಇರಲಿಲ್ಲ. ಖಾಲಿಯಿರುವ ಮನೆಯ ಸುದ್ದಿಯು ಶಾಲೆಯ ಜವಾನನಿಂದಲೋ, ಕ್ಷೌರಿಕನಿಂದಲೋ, ಹಾಲಿನವಳಿಂದಲೋ ಬಾಯಿಯಿಂದ ಬಾಯಿಗೆ ಬರಬೇಕು. ಬಂದ ಸುದ್ದಿಯ ಹಿಂದೆ ಹೋದವನ ಪರವಾಗಿ ಆ ಊರಿನವರೊಬ್ಬರು “ಇವರು ನಮಗೆ ಗೊತ್ತು” ಎಂದು ಹೇಳಬೇಕು. ಈ ಮೂರು ಪದಗಳಿಲ್ಲದ ಮನುಷ್ಯನಿಗೆ ಹಣವಿದ್ದರೂ ಸೂರಿಲ್ಲ. ನನ್ನ ಪಾಲಿಗೆ ಆ ಮಾತನ್ನಾಡಿದವರು ಬಸ್ ನಿಲ್ದಾಣದ ಸಮೀಪದ ಉಡುಪಿ ಹೋಟೆಲಿನ ಯಜಮಾನರು. ಘಟ್ಟದ ಮೇಲಣ ಒಂದೊಂದು ಊರಿನಲ್ಲಿಯೂ ಕರಾವಳಿಯವರ ಹೋಟೆಲೊಂದು ಇರುವುದು ಊಟಕ್ಕಾಗಿ ಮಾತ್ರವೆಂದು ಅಲ್ಲಿಯವರೆಗೆ ತಿಳಿದಿದ್ದೆನು. ಅದು ನಮ್ಮವರ ಛತ್ರವೂ ಅಂಚೆಯ ವಿಳಾಸವೂ ಸಾಲದ ಅಂಗಡಿಯೂ ಆಗಿತ್ತೆಂಬುದು ಏಳು ವಾರಗಳ ಕಾಲ ಆ ಹೋಟೆಲಿನ ಅಟ್ಟದಲ್ಲಿ, ಅಕ್ಕಿಯ ಮೂಟೆಗಳ ಮಗ್ಗುಲಲ್ಲಿ, ಮಾಣಿಗಳ ಜೊತೆಯಲ್ಲಿ ಮಲಗಿದ ಮೇಲೆ ತಿಳಿಯಿತು. ಅವರ ಮಾತಿನ ಬಲದಿಂದ ದೊರೆತದ್ದು ಸಂತೆ ಹೊಂಡದ ಆಚೆ ಒಂದು ಕೊಠಡಿ. ಏಳುಸುತ್ತಿನ ಕೋಟೆಯ ಬಂಡೆಗಳು ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿಯಲ್ಲಿ ಊರಿನ ಮೇಲೆ ಉಸಿರುತ್ತಿದ್ದುವು. ಆ ಕೊಠಡಿಗೆ ಕಿಟಕಿ ಒಂದೇ. ಅಲ್ಲಿ ಎರಡು ವರ್ಷಗಳನ್ನು ಕಳೆದೆನು. ಅದು ಇರಲು ಒಂದು ತಾಣವಾಯಿತು. ಮನೆಯೆಂದು ಅದನ್ನು ನಾನು ಒಂದು ದಿನವೂ ಕರೆದದ್ದಿಲ್ಲ.

1960ರಲ್ಲಿ ನನಗೆ ಹೊಸದುರ್ಗಕ್ಕೆ ವರ್ಗವಾಯಿತು. ಆಜ್ಞೆಯ ಕಾಗದವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಆ ಹೆಸರನ್ನೇ ನೋಡುತ್ತ ನಿಂತಿದ್ದೆನು. ಊರಿನಲ್ಲಿದ್ದ ತಾಯಿಗೆ ಪತ್ರ ಬರೆದಾಗ ಆಕೆ, ಅಕ್ಷರ ಬಲ್ಲ ನೆರೆಯವರಿಂದ ಓದಿಸಿಕೊಂಡು, ಮಗನು ಊರಿಗೇ ಬರುತ್ತಿದ್ದಾನೆಂದು ತಿಳಿದು ಕೋಣೆಯನ್ನು ಸಾರಿಸಿದ್ದಳಂತೆ. ಒಂದು ಹೊಸದುರ್ಗವನ್ನು ಕಟ್ಟಿದವರು ಇಕ್ಕೇರಿಯವರು. ಇನ್ನೊಂದು, ಚಿತ್ರದುರ್ಗದ ಪಾಳೆಯಗಾರರ ಕೋಟೆ. ಒಂದು ಕಡಲಿನ ಕಡೆಗೂ ಒಂದು ಬಯಲಿನ ಕಡೆಗೂ ಮುಖಮಾಡಿ ಕಾವಲು ನಿಂತಿದ್ದ ಈ ಎರಡು ದುರ್ಗಗಳಿಗೆ ಒಂದೇ ಹೆಸರಿಟ್ಟ ಕನ್ನಡವು ಎಷ್ಟು ದೊಡ್ಡ ಅಂಗಳದಲ್ಲಿ ಆಡಿಕೊಂಡಿದ್ದಿತೆಂದು ಯೋಚಿಸಿದಾಗ ಈಗಲೂ ನನಗೆ ಮೈ ನವಿರೇಳುತ್ತದೆ.

ಹೊಸದುರ್ಗದಲ್ಲಿ ಇಳಿದ ಎರಡನೆಯ ದಿನ, ನನ್ನ ಹೆಸರಿಗೆ ಬಂದ ಕಾಗದಗಳನ್ನು ಶಾಲೆಯ ವಿಳಾಸಕ್ಕೆ ಕೊಡಬೇಕೆಂದು ಹೇಳುವುದಕ್ಕಾಗಿ ಅಂಚೆ ಕಚೇರಿಗೆ ಹೋದೆನು. ಚೀಲಕ್ಕೆ ಕಾಗದಗಳನ್ನು ಜೋಡಿಸುತ್ತಿದ್ದ ಹಿರಿಯ ಅಂಚೆಯವನೊಬ್ಬನು ನನ್ನ ಊರನ್ನು ಕೇಳಿದನು. ಎರಡು ವರ್ಷಗಳ ಅನುಭವದಿಂದ ಭೀತನಾಗಿದ್ದ ನಾನು ಉತ್ತರವನ್ನು ಹೇಗೆ ಆರಂಭಿಸಬೇಕೆಂದು ತೋಚದೆ ತಡವರಿಸಿದಾಗ, ಅವನೇ “ಕೇರಳದ ಹೊಸದುರ್ಗವಾ?” ಎಂದನು. ನಾನು ಬೆರಗಾದೆನು. “ಗೊತ್ತಿಲ್ಲದೆ ಏನು ಸ್ವಾಮಿ, ನಿಮ್ಮೂರಿನ ಕಾಗದ ತಿಂಗಳಿಗೆ ಒಂದಾದರೂ ದಾರಿ ತಪ್ಪಿ ಇಲ್ಲಿಗೆ ಬರ್ತೈತೆ. ಮೇಲೆ ಕೇರಳ ಅಂತ ಬರೆದು ವಾಪಸು ಕಳಿಸ್ತೀನಿ. ನಿಮ್ಮೂರಿನಾಗೆ ಯಾರಾರಿಗೆ ಎಲ್ಲೆಲ್ಲಿಂದ ಕಾಗದ ಬರ್ತಾವೆ ಅಂತ ನನಗೆ ಗೊತ್ತು” ಎಂದು ಅವನು ನಕ್ಕನು. ಆ ಸೀಮೆಯಲ್ಲಿ ನನ್ನ ಊರೊಂದು ಭೂಮಿಯ ಮೇಲೆ ಇದೆಯೆಂಬುದನ್ನು ನಾನು ಹೇಳುವುದಕ್ಕೆ ಮೊದಲೇ ಬಲ್ಲ ಮನುಷ್ಯನು ಅವನೊಬ್ಬನೇ. ಅಂದು ಸಾಯಂಕಾಲ ಬಟವಾಡೆ ಮುಗಿಸಿ ಬಂದು, ಅವನು ನನ್ನನ್ನು ಬೆಟ್ಟದ ಕೆಳಗಿನ ಬೀದಿಯೊಂದಕ್ಕೆ ಕರೆದೊಯ್ದು, ಒಬ್ಬ ಅಜ್ಜಿಯ ಮುಂದೆ ನಿಲ್ಲಿಸಿ, “ಇವರು ನಮಗೆ ಗೊತ್ತು” ಎಂದನು.

ಅಜ್ಜಿಗೆ ಆಗ ಅರುವತ್ತು ದಾಟಿರಬಹುದು. ಮಗನು ದಾವಣಗೆರೆಯ ಹತ್ತಿಯ ಗಿರಣಿಯಲ್ಲಿದ್ದನು. ಐದಂಕಣದ ಮನೆಯಲ್ಲಿ ಒಬ್ಬಳೇ ಇದ್ದಳು. ಆಕೆಯೂ ನನ್ನ ಜನವನ್ನು ಕೇಳಿದಳು, ಮೀನು ತಿನ್ನುವವರೋ ಎಂದು ಕೇಳಿದಳು; ಹೌದೆಂದು ಹೇಳಿ, ಎಂದಿನಂತೆ ಎದ್ದು ಹೊರಡಲು ಸಿದ್ಧನಾದೆನು. “ಕೂತ್ಕೊಳ್ಳಿ ಮೇಷ್ಟ್ರೆ. ಅದೇನಿದ್ದರೂ ಹಿತ್ತಲ ಒಲೆಯಾಗೆ. ನಡುಮನೆಗೆ ವಾಸನೆ ಬರಬಾರದು, ಅಷ್ಟೆ. ತಿಂಗಳಿಗೆ ಹದಿನಾಲ್ಕು ರೂಪಾಯಿ” ಎಂದಳು. ಕೇಳಿದ ಪ್ರಶ್ನೆ ಒಂದೇ ಆದರೂ, ಉತ್ತರವನ್ನು ಕೇಳಿ ಬಾಗಿಲು ಮುಚ್ಚುವವರು ಕೇಳುವುದಕ್ಕೂ, ಒಲೆಯನ್ನು ಎಲ್ಲಿ ಹೂಡಬೇಕೆಂಬುದನ್ನು ನಿಶ್ಚಯಿಸುವುದಕ್ಕಾಗಿ ಕೇಳುವುದಕ್ಕೂ ಇರುವ ಅಂತರವನ್ನು ಆ ದಿನ ಕಂಡೆನು. ಮರುವರ್ಷ ಮದುವೆಯಾಗಿ ಹೆಂಡತಿಯನ್ನು ಕರೆತಂದದ್ದು ಆ ಮನೆಗೆ. ನನ್ನ ಹಿರಿಯ ಮಗಳು ಹುಟ್ಟಿದ್ದು ಆ ನಡುಮನೆಯಲ್ಲಿ.

ಅದು ಮಾಳಿಗೆಯ ಮನೆ. ಕರಾವಳಿಯಲ್ಲಿ ಬೆಳೆದವನಿಗೆ ಮಾಡೆಂದರೆ ಇಳಿಜಾರು. ಮುಳಿಹುಲ್ಲಿನದಾಗಲಿ ಮಂಗಳೂರು ಹಂಚಿನದಾಗಲಿ, ಬಿದ್ದ ನೀರು ಒಂದು ಕ್ಷಣವೂ ನಿಲ್ಲದೆ ಜಾರಿಹೋಗಬೇಕು, ಏಕೆಂದರೆ ಅಲ್ಲಿ ವರ್ಷಕ್ಕೆ 100 ಅಂಗುಲಕ್ಕೂ ಮಿಕ್ಕಿ ಮಳೆ. ಇಲ್ಲಿಯೋ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಒತ್ತೊತ್ತಾಗಿ ಜಂತೆ, ಜಂತೆಯ ಮೇಲೆ ಸೊಪ್ಪು, ಸೊಪ್ಪಿನ ಮೇಲೆ ಮೊಣಕೈಯುದ್ದದ ಮಣ್ಣು. ನೆತ್ತಿಯ ಮೇಲೆ ಒಂದು ಹೊಲವನ್ನೇ ಹೊತ್ತು ನಿಂತ ಚಪ್ಪಟೆಯ ಮನೆ! ನಡುಮನೆಯ ಮೇಲೆ ಬೆಳಕಿಗಾಗಿ ಒಂದು ಗವಾಕ್ಷಿ. ಮಳೆ ಬಂದಾಗ ಅದರ ಬಾಯಿಗೆ ಮುಚ್ಚಲು ಒಂದು ಚಪ್ಪಡಿ ಕಲ್ಲು. ಮೊದಲನೆಯ ರಾತ್ರಿ ಮಲಗಿ ಆ ಭಾರವನ್ನು ಕತ್ತಲಲ್ಲಿ ದಿಟ್ಟಿಸುತ್ತ, ಇದು ಕುಸಿದರೆ ಗತಿಯೇನೆಂದು ನಿದ್ದೆಯಿಲ್ಲದೆ ಹೊರಳಿದೆನು. ಹಗಲಿನಲ್ಲಿ ಮಾತ್ರ, ಹೊರಗೆ ಬಯಲೆಲ್ಲ ಕಾದು ಕೆಂಡವಾಗಿದ್ದಾಗ, ಆ ಮಣ್ಣಿನ ಮರೆಯಲ್ಲಿ ಬಾವಿಯೊಳಗಣ ತಂಪಿರುತ್ತಿದ್ದಿತು.

ಒಂದು ರಾತ್ರಿ ಮುಂಗಾರಿನ ಮೊದಲ ಮಳೆ ಹೊಡೆಯಿತು. ಮಳೆಯ ನಾಡಿನವನಾದ ನನಗೆ ಅದು ಮಳೆಯೇ ಅಲ್ಲವೆನಿಸಿ, ಬಹುದಿನಗಳ ಮೇಲೆ ಆ ಸದ್ದನ್ನು ಕೇಳಿದ ಸುಖದಿಂದ ಮಲಗಿದ್ದೆನು. ನನ್ನ ಪದವಿಪತ್ರಗಳನ್ನೂ ತಂದೆಯ ಒಂದೇ ಒಂದು ಭಾವಚಿತ್ರವನ್ನೂ ಇಟ್ಟಿದ್ದ ಟ್ರಂಕಿನ ಮೇಲೆ ಟಪ್ ಟಪ್ ಎಂದು ಹನಿ ಬೀಳತೊಡಗಿದಾಗ ಎದ್ದೆನು. ಅಷ್ಟರಲ್ಲಿ ಹಿತ್ತಲಲ್ಲಿ ಏಣಿಯ ಸದ್ದು. ಅಜ್ಜಿ ಗೋಣಿಚೀಲವನ್ನು ಕೊಪ್ಪೆಯಾಗಿ ತಲೆಗೆ ಹಾಕಿಕೊಂಡು, ಕಂಕುಳಲ್ಲಿ ಮಂಕರಿಯನ್ನಿಟ್ಟುಕೊಂಡು, ಆ ಕತ್ತಲೆಯಲ್ಲಿ ಮಾಳಿಗೆಯನ್ನೇರುತ್ತಿದ್ದಳು. ನಾನು ಲಾಂದ್ರವನ್ನು ಹಿಡಿದು ಹಿಂದೆ ಏರಿದೆನು. ಎಲ್ಲಿ ಸೋರುತ್ತಿದೆಯೆಂಬುದನ್ನು ಆಕೆ ಕಣ್ಣಿನಿಂದ ಹುಡುಕಲಿಲ್ಲ. ಬರಿಗಾಲಿನಿಂದ ಮಣ್ಣನ್ನು ಮುಟ್ಟಿ ಮುಟ್ಟಿ ನಡೆದು, ಒಂದು ಕಡೆ ನಿಂತು, ಮಂಕರಿಯಲ್ಲಿದ್ದ ಬೂದಿಬಣ್ಣದ ಮಣ್ಣನ್ನು ಸುರಿದು, ಹಿಮ್ಮಡಿಯಿಂದ ತುಳಿಯತೊಡಗಿದಳು. “ತುಳೀರಿ ಮೇಷ್ಟ್ರೆ, ನೋಡ್ತಾ ನಿಂತ್ರೆ ಆಗಲ್ಲ” ಎಂದಳು. ತುಳಿದೆನು. ಐದು ನಿಮಿಷಗಳಲ್ಲಿ ಕೆಳಗೆ ಹನಿ ನಿಂತಿತು.

ಅದು ಚೌಳು ಮಣ್ಣು. ಬೆಳೆಗೆ ಒದಗದೆ, ಉಪ್ಪು ಬಿಳಿಚಿಕೊಂಡು ಬಿದ್ದಿರುವ ಭೂಮಿಯ ಮೇಲ್ಪದರದ ಆ ಮಣ್ಣಿಗೆ, ಒದ್ದೆಯಾದೊಡನೆ ಬಿಗಿದುಕೊಂಡು ನೀರನ್ನು ಕೆಳಗೆ ಬಿಡದಿರುವ ಗುಣವಿದೆ. ಉಗಾದಿ ಕಳೆದು ಮುಂಗಾರು ಬರುವುದರೊಳಗಾಗಿ ಗಾಡಿಗಳಲ್ಲಿ ಅದನ್ನು ತರಿಸಿ, ಮಾಳಿಗೆಯ ಮೇಲೆ ಹೊಸದಾಗಿ ಹರವಿ, ನೀರು ದೋಣಿಯ ಕಡೆಗೆ ಹರಿಯುವಂತೆ ವಾಟ ಮಾಡಿ, ಹುಲ್ಲು ಬೇರೂರಿದ್ದರೆ ಕಿತ್ತುಹಾಕಿ, ಬಿಸಿಲಿಗೆ ಬಿರಿದ ಜಾಗಗಳನ್ನು ತುಂಬಬೇಕು. “ಮಾಳಿಗೆ ಅಂದ್ರೆ ಹೊಲ ಇದ್ದಂಗೆ ಮೇಷ್ಟ್ರೆ, ವರ್ಷಾ ವರ್ಷಾ ಕೆಲಸ ಕೇಳ್ತೈತೆ” ಎನ್ನುತ್ತಿದ್ದಳು ಅಜ್ಜಿ. ಏಳು ವರ್ಷ ಆ ಕೆಲಸವನ್ನು ನಾನು ಮಾಡಿದೆನು. ಬಾಡಿಗೆಯವನು ಮಾಡಬೇಕಾದ ಕೆಲಸವಲ್ಲವೆಂದು ಸಹೋದ್ಯೋಗಿಗಳು ಹೇಳುತ್ತಿದ್ದರು. ನನಗೆ ಮಾತ್ರ, ಆ ಊರಿನಲ್ಲಿ ನನ್ನ ಪಾದಗಳು ನೆಲವನ್ನು ಮುಟ್ಟಿದ್ದು ಮೊಟ್ಟಮೊದಲು ಆ ಮಾಳಿಗೆಯ ಮೇಲೆಂದು ಅನಿಸಿದೆ.

ನನ್ನ ತಾಯಿ ಒಮ್ಮೆ ಬಂದು ಒಂದು ಬೇಸಗೆಯನ್ನು ಅಲ್ಲಿ ಕಳೆದಳು. ರಾತ್ರಿ ಮಾಳಿಗೆಯ ಮೇಲೆ ಚಾಪೆ ಹಾಸಿಕೊಂಡು ಮಲಗುವುದು ಆಕೆಗೆ ಅತ್ಯಾಶ್ಚರ್ಯಕರವಾಗಿತ್ತು. ನಮ್ಮಲ್ಲಿ ಮಾಡಿನ ಮೇಲೆ ಮನುಷ್ಯರು ಹತ್ತುವುದು ಹಂಚು ಒಡೆದಾಗ ಮಾತ್ರ. ಅಜ್ಜಿ ಸಮುದ್ರವನ್ನು ಕಂಡವಳಲ್ಲ. “ಅಷ್ಟು ನೀರು ಇದ್ದೂ ಕುಡಿಯೋಕೆ ಬರಲ್ಲವೇನವ್ವ?” ಎಂದು ಆಕೆ ಕೇಳುವುದೂ, “ಉಂಟು, ಆದರೆ ಉಪ್ಪು” ಎಂದು ನನ್ನ ತಾಯಿ ಹೇಳುವುದೂ, “ನಮ್ಮ ಚೌಳಿನಂಗೆ” ಎಂದು ಅಜ್ಜಿ ನಿಟ್ಟುಸಿರು ಬಿಡುವುದೂ ನಕ್ಷತ್ರಗಳ ಕೆಳಗೆ ನನ್ನ ಕಿವಿಗೆ ಬೀಳುತ್ತಿದ್ದುವು.

ಆ ವರ್ಷಗಳಲ್ಲಿಯೇ ನನ್ನ ತಮ್ಮನು, ಮುಂಬಯಿಯಲ್ಲಿ ಕೆಲಕಾಲ ಇದ್ದು, 1962ರ ವಸಂತದಲ್ಲಿ ಲಂಡನ್ನಿಗೆ ಹೋದನು. ಕಾಮನ್‌ವೆಲ್ತ್ ದೇಶಗಳಿಂದ ಹೋಗುವವರ ಮೇಲೆ ಕಾನೂನಿನ ಬಾಗಿಲು ಅದೇ ಜುಲೈ ತಿಂಗಳಿಂದ ಬಿಗಿಯಾಯಿತು; ಅದಕ್ಕೆ ಮುಂಚೆ ಒಳಗೆ ಸೇರಿದವರಲ್ಲಿ ಅವನೂ ಒಬ್ಬ. ಅವನ ಮೊದಲನೆಯ ಪತ್ರ ‘ಹೊಸದುರ್ಗ, ಮೈಸೂರು ರಾಜ್ಯ’ ಎಂದು ವಿಳಾಸವಿದ್ದರೂ ಮೊದಲು ಊರಿಗೆ ಹೋಗಿ, ಅಲ್ಲಿಂದ ತಿರುಗಿ, ಬಹಳ ತಡವಾಗಿ ನನಗೆ ತಲಪಿತು. ಅಂಗಡಿಯ ಗಾಜಿನ ಕಿಟಕಿಯಲ್ಲಿ ಖಾಲಿ ಕೊಠಡಿಗಳ ಚೀಟಿಗಳನ್ನು ಅಂಟಿಸಿರುತ್ತಾರೆಂದೂ, ಅವುಗಳಲ್ಲಿ ಹಲವು ಚೀಟಿಗಳ ಕೆಳಗೆ ಬಣ್ಣದ ಜನರಿಗೆ ಕೊಡುವುದಿಲ್ಲವೆಂದು ಬರೆದಿರುತ್ತದೆಂದೂ, ಹಾಗೆ ಬರೆಯದಿರುವ ಮನೆಗಳಿಗೆ ಹೋದರೆ ಬಾಗಿಲು ತೆರೆದ ಹೆಂಗಸು ಈಗತಾನೆ ಬೇರೆಯವರಿಗೆ ಕೊಟ್ಟೆವೆಂದು ಮೃದುವಾಗಿ ಹೇಳುತ್ತಾಳೆಂದೂ ಬರೆದಿದ್ದನು. ಫಿಟ್ಸ್‌ರಾಯ್ ಚೌಕದ ಭಾರತೀಯ ವೈ.ಎಂ.ಸಿ.ಎ.ಯಲ್ಲಿ ಕೆಲವು ದಿನ ತಂಗಿದ್ದನಂತೆ. ಅನ್ನವೂ ಸಾರೂ ಅಲ್ಲಿ ಸಿಕ್ಕವಂತೆ. ಅವನ ಉಡುಪಿ ಹೋಟೆಲು ಅದೇ ಎಂದುಕೊಂಡೆನು. ಕೊನೆಗೆ ಸಿಕ್ಕ ಕೊಠಡಿಯಲ್ಲಿ ಚಳಿ ಕಾಯಿಸುವ ಅನಿಲದ ಒಲೆಯು ಗೋಡೆಯ ಪೆಟ್ಟಿಗೆಗೆ ಶಿಲ್ಲಿಂಗು ನಾಣ್ಯವನ್ನು ಹಾಕಿದರೆ ಮಾತ್ರ ಉರಿಯುತ್ತದೆಂದೂ, ನಾಣ್ಯ ಮುಗಿದ ರಾತ್ರಿಗಳಲ್ಲಿ ಅಂಗಿಗಳನ್ನೆಲ್ಲ ತೊಟ್ಟು ಮಲಗುವೆನೆಂದೂ ಬರೆದಿದ್ದನು. ಪತ್ರವನ್ನು ಅಜ್ಜಿಗೆ ಓದಿ ಹೇಳಿದೆನು. ಆಕೆ ಬಹಳ ಹೊತ್ತು ಸುಮ್ಮನಿದ್ದು, “ಅಲ್ಲಿ ಅಂಚೆಯವರು ಯಾರೂ ಇಲ್ಲವೇನು?” ಎಂದಳು.

1967ರಲ್ಲಿ, ರಾಜ್ಯಗಳ ಗಡಿಯ ತಕರಾರನ್ನು ವಿಚಾರಿಸಿದ ಮಹಾಜನ ಆಯೋಗದ ವರದಿ ಬಂದಿತು. ಕಾಸರಗೋಡು ಮೈಸೂರಿಗೆ ಸೇರಬೇಕೆಂದು ಆಯೋಗವು ಹೇಳಿದೆಯೆಂಬ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ಸಹೋದ್ಯೋಗಿಗಳು ಅಧ್ಯಾಪಕರ ಕೊಠಡಿಯಲ್ಲಿ ನನ್ನ ಕೈಕುಲುಕಿ, “ಇನ್ನು ನೀವು ನಮ್ಮವರಾದಿರಿ” ಎಂದು ಸಂತೋಷಪಟ್ಟರು. ಆಯೋಗವು ಶಿಫಾರಸು ಮಾಡಿದ್ದು ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಮಾತ್ರ; ನನ್ನ ಹೊಸದುರ್ಗ ಹೊಳೆಯ ದಕ್ಷಿಣಕ್ಕಿದೆ. ಅವರ ಸಂತೋಷಕ್ಕೆ ಭಂಗ ತರಲು ಮನಸ್ಸಾಗದೆ, ನಾನು ಅದನ್ನು ಹೇಳಲಿಲ್ಲ. ವರದಿಯೂ ಜಾರಿಗೆ ಬರಲಿಲ್ಲ.

ಅದೇ ವರ್ಷ ಹೊಳಲ್ಕೆರೆಗೆ ವರ್ಗವಾಯಿತು. ಅಲ್ಲಿಯ ಎರಡು ವರ್ಷಗಳ ಬಗ್ಗೆ ಹೇಳಬೇಕಾದದ್ದು ಹೆಚ್ಚಿಲ್ಲ. ಮನೆ ಸುಲಭವಾಗಿ ಸಿಕ್ಕಿತು, ಏಕೆಂದರೆ “ಹೊಸದುರ್ಗದಿಂದ ಬಂದಿದ್ದೇನೆ” ಎಂದಾಗ ಅದು ಈಗ ಎರಡು ಅರ್ಥಗಳಲ್ಲಿಯೂ ನಿಜವಾಗಿತ್ತು. ಆ ಊರಿನ ಬಯಲು ಗಣಪತಿಯನ್ನು ಮಾತ್ರ ಮರೆಯಲಾರೆ. ಅಷ್ಟು ದೊಡ್ಡ ದೇವರು, 15ನೆಯ ಶತಮಾನದಿಂದ ಮೇಲೊಂದು ಸೂರಿಲ್ಲದೆ, ಬಿಸಿಲು ಮಳೆಗಳಲ್ಲಿ ಪ್ರಸನ್ನನಾಗಿ ಕುಳಿತಿದ್ದಾನೆ. ಹತ್ತಿರದ ಮಲ್ಲಾಡಿಹಳ್ಳಿಯಲ್ಲಿ, ‘ತಿರುಕ’ ಎಂಬ ಹೆಸರಿನಿಂದ ಬರೆಯುತ್ತಿದ್ದ ಶ್ರೀ ರಾಘವೇಂದ್ರ ಸ್ವಾಮಿಗಳನ್ನು ದೂರದಿಂದ ಕಂಡೆನು. ಕರಾವಳಿಯಲ್ಲಿ ಹುಟ್ಟಿದ ಅವರು, ಯೋಗವನ್ನು ಕಲಿಸುತ್ತ, ಔಷಧವನ್ನು ಕೊಡುತ್ತ ಈ ಒಣಸೀಮೆಯಲ್ಲಿ ನಿಂತು, ಜೋಳಿಗೆ ಹಿಡಿದು ಬೇಡಿ ತಂದ ಹಣದಿಂದ ಮನೆಯಿಲ್ಲದ ಮಕ್ಕಳಿಗೆ ಅನಾಥ ಸೇವಾಶ್ರಮವನ್ನು ಕಟ್ಟಿದರು. ಅವರಿಗೆ ಈ ನೆಲದಲ್ಲಿ ಯಾವೂರೆಂದು ಯಾರೂ ಕೇಳುತ್ತಿರಲಿಲ್ಲ.

ಹಿರಿಯೂರಿಗೆ ಬಂದದ್ದು 1969ರಲ್ಲಿ. ಬೆಂಗಳೂರು–ಪುಣೆ ಹೆದ್ದಾರಿಯ ಮೇಲಿನ ಊರು. ಲಾರಿಗಳ ಸದ್ದು, ವೇದಾವತಿಯ ತೆಂಗಿನ ತೋಟಗಳು, ಹಿಂದೆ ಮಾರಿಕಣಿವೆಯಲ್ಲಿ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರದ ನೀರು. ಹೊಸ ಬಡಾವಣೆಗಳಲ್ಲಿ ತಾರಸಿ ಮನೆಗಳು ಏಳುತ್ತಿದ್ದುವು. ಅಂಥ ಒಂದು ಮನೆಯನ್ನು ನೋಡಿ, ಮುಂಗಡವನ್ನೂ ಮಾತಾಡಿ, ಸಾಮಾನನ್ನು ಗಾಡಿಗೆ ಹೇರಿದ ಮೇಲೆ, ಊಟದ ವಿಷಯವು ಹೇಗೋ ಒಡೆಯರ ಕಿವಿಗೆ ಬಿದ್ದು, ಮನೆ ಬೇರೆಯವರಿಗೆ ನಿಶ್ಚಯವಾಗಿದೆಯೆಂದು ಹೇಳಿಕಳುಹಿಸಿದರು. ಗಾಡಿಯ ಮೇಲೆ ಮಕ್ಕಳಿಬ್ಬರೂ ಕುಳಿತಿದ್ದರು. ಹಿರಿಯವಳು “ನಾವು ಏನು ತಪ್ಪು ಮಾಡಿದೆವು?” ಎಂದು ಕೇಳಿದಳು. ಆ ಮನೆ ಆರು ತಿಂಗಳು ಬೀಗ ಹಾಕಿಕೊಂಡಿದ್ದುದನ್ನು ನಾನು ದಿನವೂ ಶಾಲೆಗೆ ಹೋಗುವ ದಾರಿಯಲ್ಲಿ ನೋಡಿದೆನು. ಬಾಡಿಗೆಯಲ್ಲಿ, ವಸತಿಯಲ್ಲಿ ಬಣ್ಣವನ್ನು ನೋಡಿ ನಿರಾಕರಿಸುವುದು ಇಂಗ್ಲೆಂಡಿನಲ್ಲಿ 1968ರ ಕಾಯಿದೆಯಿಂದ ಕಾನೂನಿಗೆ ವಿರುದ್ಧವಾಯಿತೆಂದು, ಇನ್ನು ಚೀಟಿಯಲ್ಲಿ ಹಾಗೆ ಬರೆಯುವಂತಿಲ್ಲವೆಂದು ತಮ್ಮನು ಬರೆದಿದ್ದ ಪತ್ರ ಆಗ ನನ್ನ ಜೇಬಿನಲ್ಲಿಯೇ ಇತ್ತು. ನಮ್ಮಲ್ಲಿ ಯಾರೂ ಚೀಟಿಯನ್ನು ಅಂಟಿಸಿರಲಿಲ್ಲ. ಅಳಿಸಬೇಕೆಂದರೆ ಅಳಿಸುವುದಕ್ಕೆ ಅಕ್ಷರವೇ ಇರಲಿಲ್ಲ. ನನ್ನ ಮಗಳ ಪ್ರಶ್ನೆಗೆ ಆ ದಿನ ಉತ್ತರ ಹೇಳಲಾಗದ ನೋವು ನನ್ನಲ್ಲಿ ಇಂದಿಗೂ ಆರಿಲ್ಲ.

ಆ ದಿನವೇ ಸ್ವಂತ ಮನೆಯನ್ನು ಕಟ್ಟಬೇಕೆಂದು ನಿಶ್ಚಯಿಸಿದೆನು. ಅದು ಕೈಗೂಡಲು ಒಂಬತ್ತು ವರ್ಷ ಬೇಕಾಯಿತು. ಅಷ್ಟರಲ್ಲಿ ರಾಜ್ಯದ ಹೆಸರು ಕರ್ನಾಟಕವಾಗಿತ್ತು. 1972ರ ಆಗಸ್ಟ್ 15ರಿಂದ ವಿಳಾಸಕ್ಕೆ ಪಿನ್ ಸಂಖ್ಯೆ ಬಂದು, ಎರಡು ಹೊಸದುರ್ಗಗಳ ಕಾಗದಗಳು ಅದಲುಬದಲಾಗುವುದು ಬಹುಮಟ್ಟಿಗೆ ನಿಂತಿತ್ತು. ನಮ್ಮ ಅಂಚೆಯವನು ಆಗ ನಿವೃತ್ತನಾಗಿದ್ದನು. ನನಗೆ ಹಂಚಿನ ಮಾಡನ್ನು ಹಾಕಿಸಬೇಕೆಂಬ ಆಸೆಯಿದ್ದಿತು. ಈ ಬಿಸಿಲಿಗೂ ಗಾಳಿಗೂ ಅದು ಒದಗದೆಂದು ಮೇಸ್ತ್ರಿ ಹೇಳಿದ್ದರಿಂದ ತಾರಸಿಯನ್ನೇ ಹಾಕಿಸಿದೆನು.

1978ರ ಗೃಹಪ್ರವೇಶಕ್ಕೆ ಅಜ್ಜಿಗೆ ಬರಲಾಗಲಿಲ್ಲ; ಕಾಲಿನಲ್ಲಿ ಶಕ್ತಿಯಿರಲಿಲ್ಲ. ಹೊಸದುರ್ಗದಿಂದ ಬಂದ ಬಸ್ಸಿನ ಕಂಡಕ್ಟರನು ನನ್ನ ಹೆಸರನ್ನು ಕೇಳಿಕೊಂಡು ಮನೆಗೆ ಬಂದು, ಹಳೆಯ ಸೀರೆಯ ತುಂಡಿನಲ್ಲಿ ಬಿಗಿದು ಕಟ್ಟಿದ್ದ ಭಾರವಾದ ಒಂದು ಗಂಟನ್ನು ಇಳಿಸಿ ಹೋದನು. ಬಿಚ್ಚಿದರೆ ಒಳಗೆ ಚೌಳು ಮಣ್ಣು. ಸಣ್ಣಗೆ ಜರಡಿ ಹಿಡಿದು, ಕಲ್ಲುಕಡ್ಡಿಗಳನ್ನು ಆರಿಸಿ ಕಳುಹಿಸಿದ್ದಳು. ಸಿಮೆಂಟಿನ ತಾರಸಿಗೆ ಇದೇಕೆಂದು ಮೇಸ್ತ್ರಿ ಕೇಳಿದನು. ಅತಿಥಿಗಳೆಲ್ಲ ಊಟ ಮುಗಿಸಿ ಹೊರಟ ಮೇಲೆ, ಹೊತ್ತು ಮುಳುಗುವ ಸಮಯದಲ್ಲಿ, ನಾನೂ ನನ್ನ ಹಿರಿಯ ಮಗಳೂ ಗಂಟನ್ನು ಹೊತ್ತು ಮೇಲೆ ಹೋದೆವು. ಚಪ್ಪಲಿಗಳನ್ನು ಮೆಟ್ಟಿಲ ಬಳಿಯೇ ಬಿಟ್ಟು, ಈಶಾನ್ಯದ ಮೂಲೆಯಿಂದ ಆರಂಭಿಸಿ, ಮುಷ್ಟಿ ಮುಷ್ಟಿಯಾಗಿ ಹರವಿ, ನೀರನ್ನು ಚಿಮುಕಿಸಿ, ಹಿಮ್ಮಡಿಯಿಂದ ತುಳಿದೆವು.